ಒಂದೇ ವಾಕ್ಯದ ಗೊತ್ತುವಳಿ

2023ರ ವಸಂತದ ಒಂದು ಬೆಳಿಗ್ಗೆ ಆಸ್ಟಿನ್ ನಗರದ ಕ್ಯಾಪಿಟಲ್ ಕಟ್ಟಡದ ಮೂರನೆಯ ಮಹಡಿಯಲ್ಲಿ, ಟೆಕ್ಸಸ್ ಪ್ರತಿನಿಧಿ ಸಭೆಯ ಸಾರ್ವಜನಿಕ ಗ್ಯಾಲರಿಯಲ್ಲಿ ನಾನು ಕುಳಿತಿದ್ದೆ. ಪಕ್ಕದಲ್ಲಿ ನನ್ನ ಮಗಳು ಓದಿದ ಶಾಲೆಯ ಗ್ರಂಥಪಾಲಕಿ ಇದ್ದರು. 31 ವರ್ಷ ಒಂದೇ ಗ್ರಂಥಾಲಯದಲ್ಲಿ ದುಡಿದು ನಿವೃತ್ತರಾಗಲಿದ್ದ ಅವರನ್ನು ಅಭಿನಂದಿಸುವ ನಿರ್ಣಯ ಅಂದು ಸಭೆಯ ಮುಂದೆ ಬರುವುದಿತ್ತು. ಆ ಗ್ರಂಥಾಲಯದಲ್ಲಿ ಕೆಲವು ವರ್ಷ ಸ್ವಯಂಸೇವಕನಾಗಿದ್ದ ನನಗೆ, ನಮ್ಮ ಕ್ಷೇತ್ರದ ಪ್ರತಿನಿಧಿಯ ಕಚೇರಿಯವರು ನಿರ್ಣಯಕ್ಕೆ ಬೇಕಾದ ವಿವರಗಳನ್ನು ಒದಗಿಸುವ ಕೆಲಸ ವಹಿಸಿದ್ದರು.

ಟೆಕ್ಸಸ್ ಶಾಸನಸಭೆಯ ಸಾಮಾನ್ಯ ಅಧಿವೇಶನ ಎರಡು ವರ್ಷಕ್ಕೊಮ್ಮೆ, ಬೆಸ ಸಂಖ್ಯೆಯ ವರ್ಷಗಳಲ್ಲಿ, 140 ದಿನಗಳ ಮಿತಿಯೊಳಗೆ ನಡೆಯುತ್ತದೆ. ಆಯವ್ಯಯ, ತೆರಿಗೆ, ಶಾಲೆ, ರಸ್ತೆ ಎಲ್ಲವನ್ನೂ ಅಷ್ಟರೊಳಗೆ ಮುಗಿಸಬೇಕಾದ ಸಭೆ, ಸಾಧಕರ ಅಭಿನಂದನೆಗೂ ಅಗಲಿದವರ ಸ್ಮರಣೆಗೂ ಪ್ರತ್ಯೇಕ ಕಾರ್ಯಸೂಚಿಯನ್ನೇ ಇಟ್ಟುಕೊಂಡಿದೆ. ಇಂಥ ನಿರ್ಣಯಕ್ಕೆ ಕಾನೂನಿನ ಬಲವಿಲ್ಲ. ಅದರಿಂದ ಯಾರಿಗೂ ಹಣವಾಗಲಿ ಹುದ್ದೆಯಾಗಲಿ ದೊರೆಯುವುದಿಲ್ಲ. ಒಂದೇ ಸದನದ ನಿರ್ಣಯವಾದರೆ ರಾಜ್ಯಪಾಲರ ಸಹಿಯೂ ಬೇಡ. ಹಾಗಾಗಿ ಅದರಲ್ಲಿ ಇರುವುದು ಮಾತು ಮಾತ್ರ, ಆ ಮಾತು ನಿಜವಾಗಿರಲೇಬೇಕು ಎಂಬುದು ನನಗೆ ಮನದಟ್ಟಾದದ್ದು ಕರಡು ಕೈಗೆ ಬಂದಾಗ.

ಕರಡನ್ನು ಸಿದ್ಧಪಡಿಸುವವರು ಶಾಸನಸಭೆಯದೇ ಕರಡು ವಿಭಾಗದ ಸಿಬ್ಬಂದಿ. ಎರಡು ಪುಟಗಳ ಆ ಬರಹ ಮುಖ್ಯವಾಗಿ ಒಂದೇ ವಾಕ್ಯವಾಗಿತ್ತು. ‘ಇವರು ಇಷ್ಟು ವರ್ಷ ದುಡಿದಿರುವುದರಿಂದ’, ‘ಇಂಥದ್ದನ್ನು ಕಟ್ಟಿ ಬೆಳೆಸಿರುವುದರಿಂದ’ ಎಂದು ಒಂದೊಂದು ಕಾರಣವೂ ಅರ್ಧವಿರಾಮದಲ್ಲಿ ನಿಂತು ಮುಂದಿನದಕ್ಕೆ ಕೈ ಚಾಚುತ್ತದೆ. ‘ಆದ್ದರಿಂದ ಈ ಸಭೆಯು ನಿರ್ಣಯಿಸುವುದೇನೆಂದರೆ’ ಎಂಬ ಮಾತು ಬರುವವರೆಗೆ ಓದುವವರಿಗೆ ಉಸಿರು ಬಿಡಲು ಎಡೆಯಿಲ್ಲ. ಹೊಗಳಿಕೆಯೆಲ್ಲ ಮೊದಲು, ಕೊಡುಗೆ ಕೊನೆಗೆ ಎಂಬ ನಮ್ಮ ಹಳೆಯ ಕಲ್ಬರಹಗಳ ಕಟ್ಟು ನನಗೆ ನೆನಪಾಯಿತು. ಕಲ್ಲಿನಲ್ಲಿ ಕೆತ್ತಿದ್ದಕ್ಕೂ ಸಭೆ ಮಾಡುವ ಕಾನೂನಿಗೂ ಕನ್ನಡದಲ್ಲಿ ಶಾಸನವೆಂಬ ಒಂದೇ ಪದ ಸಲ್ಲುವುದು ಸುಮ್ಮನೆ ಅಲ್ಲವೆಂದು ಅಂದು ಅನ್ನಿಸಿತು.

ಗ್ರಂಥಾಲಯದ ಬಾಗಿಲ ಪಕ್ಕದಲ್ಲಿ ಮರದ ಒಂದು ಗಿಡ್ಡ ಕಪಾಟು ಇತ್ತು. ಹೆಸರು ಬರೆಸದೆ, ಹಿಂದಿರುಗಿಸುವ ದಿನಾಂಕವಿಲ್ಲದೆ, ಯಾವ ಮಗುವಾದರೂ ಅಲ್ಲಿಂದ ಪುಸ್ತಕ ಒಯ್ಯಬಹುದಿತ್ತು. ಅದನ್ನು ‘ಇವರು ಸ್ಥಾಪಿಸಿದರು’ ಎಂದು ನಾನು ಬರೆದುಕೊಟ್ಟಿದ್ದೆ. ಕರಡಿನಲ್ಲೂ ಹಾಗೆಯೇ ಬಂದಿತ್ತು. ಅವರಿಗೆ ತೋರಿಸಿದಾಗ ಸೇವಾವಧಿ, ಪದವಿ, ಪ್ರಶಸ್ತಿಗಳ ಸಾಲುಗಳನ್ನು ಬೇಗನೆ ದಾಟಿ, ಆ ಒಂದು ಕ್ರಿಯಾಪದದ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆದರು. “ಇದು ನಾನು ಮಾಡಿದ್ದಲ್ಲ,” ಎಂದರು. ನಾನು ಶಾಲೆಗೆ ಕಾಲಿಡುವ ಹೊತ್ತಿಗೇ ತೀರಿಕೊಂಡಿದ್ದ ಪರಿಚಾರಕರೊಬ್ಬರು, ಕಸಕ್ಕೆ ಹಾಕಲೆಂದು ಕಟ್ಟಿಟ್ಟಿದ್ದ ಪುಸ್ತಕಗಳನ್ನು ಆರಿಸಿ, ಹರಿದ ಬೆನ್ನುಗಳಿಗೆ ಬಟ್ಟೆಯ ಪಟ್ಟಿ ಅಂಟಿಸಿ, ತಾವೇ ಜೋಡಿಸಿದ ಕಪಾಟಿನಲ್ಲಿ ಇಟ್ಟವರಂತೆ. ‘ಸ್ಥಾಪಿಸಿದರು’ ಹೋಗಿ ‘ಮುಂದುವರಿಸಿದರು’ ಎಂದಾಗಬೇಕು, ಅವರ ಹೆಸರೂ ಸೇರಬೇಕು. ಇಲ್ಲವಾದರೆ ನಿರ್ಣಯವೇ ಬೇಡ ಎಂದು ಅವರು ಪಟ್ಟು ಹಿಡಿದರು. ಕೇಳಿ ತಿಳಿಯಬೇಕಾದದ್ದನ್ನು ಊಹಿಸಿ ಬರೆದದ್ದಕ್ಕೆ ನಾನು ಕ್ಷಮೆ ಕೇಳಿದೆ.

ಬರೆದುಕೊಡುವವರ ಹೊಣೆ ಎಷ್ಟು ದೊಡ್ಡದೆಂಬುದಕ್ಕೆ ಅದೇ ಸಭೆಯ ಇತಿಹಾಸದಲ್ಲಿ ಸಾಕ್ಷಿಯಿದೆ. 1971ರಲ್ಲಿ ವೇಕೋ ಪಟ್ಟಣದ ಪ್ರತಿನಿಧಿ ಟಾಮ್ ಮೂರ್, ಬಾಸ್ಟನ್ನಿನಲ್ಲಿ ಹೆಂಗಸರನ್ನು ಕತ್ತು ಹಿಸುಕಿ ಕೊಂದೆನೆಂದು ಒಪ್ಪಿಕೊಂಡಿದ್ದ ಆಲ್ಬರ್ಟ್ ಡಿಸಾಲ್ವೋನನ್ನು ಜನಸಂಖ್ಯಾ ನಿಯಂತ್ರಣಕ್ಕೆ ದುಡಿದವನೆಂದು ಹೊಗಳುವ ನಿರ್ಣಯ ಮಂಡಿಸಿದರು; ಸಭೆ ಅದನ್ನು ಸರ್ವಾನುಮತದಿಂದ ಅಂಗೀಕರಿಸಿತು. ಸದಸ್ಯರು ಓದದೆಯೇ ಒಪ್ಪುತ್ತಾರೆಂದು ತೋರಿಸುವುದೇ ಅವರ ಉದ್ದೇಶವಾಗಿತ್ತು. ಇಂಥ ನಿರ್ಣಯಗಳೆಲ್ಲ ವ್ಯರ್ಥವೆನ್ನಲು ಈ ಪ್ರಸಂಗವನ್ನು ಎತ್ತುವವರ ಮಾತನ್ನು ನಾನು ಒಪ್ಪಲಾರೆ. 150 ಸದಸ್ಯರು ನಂಬಿಕೆಯ ಮೇಲೆ ಒಪ್ಪುತ್ತಾರೆ ಎಂದಾದರೆ, ಆ ನಂಬಿಕೆಯನ್ನು ಉಳಿಸುವ ಕೆಲಸ ಮೊದಲ ಸಾಲು ಬರೆಯುವವನ ಮೇಲೆಯೇ ಬೀಳುತ್ತದೆ.

ಅಂದು ಸಭಾಂಗಣ ಅಷ್ಟೇನೂ ಶಾಂತವಾಗಿರಲಿಲ್ಲ. ಕೆಲವರು ಕಡತ ತಿರುವುತ್ತಿದ್ದರು, ಕೆಲವರು ನಿಂತೇ ಮಾತಾಡುತ್ತಿದ್ದರು. ನಿರ್ಣಯವನ್ನು ಪೂರ್ತಿಯಾಗಿ ಓದಬೇಕೆಂದು ನಮ್ಮ ಪ್ರತಿನಿಧಿ ಕೇಳಿಕೊಂಡಿದ್ದರಿಂದ ಸಭೆಯ ಗುಮಾಸ್ತರು ಏರಿಳಿತವಿಲ್ಲದ ಗಟ್ಟಿ ದನಿಯಲ್ಲಿ ಓದತೊಡಗಿದರು. ಕಪಾಟಿನ ಸಾಲು ಬಂದು ಆ ಪರಿಚಾರಕರ ಹೆಸರು ಧ್ವನಿವರ್ಧಕದಲ್ಲಿ ಕೇಳಿದಾಗ, ನನ್ನ ಪಕ್ಕದಲ್ಲಿದ್ದವರು ಮಡಿಲಲ್ಲಿದ್ದ ಕೈಗಳನ್ನು ಬಿಗಿಯಾಗಿ ಹೆಣೆದುಕೊಂಡರು. ಎಲ್ಲ ಸದಸ್ಯರ ಹೆಸರನ್ನೂ ನಿರ್ಣಯಕ್ಕೆ ಸೇರಿಸಬೇಕೆಂಬ ಸೂಚನೆ ಬಂತು, ಸಭಾಧ್ಯಕ್ಷರು ಆಕ್ಷೇಪವಿದೆಯೇ ಎಂದು ಕೇಳಿದರು, ಯಾರೂ ಆಕ್ಷೇಪಿಸಲಿಲ್ಲ. ಗ್ಯಾಲರಿಯಲ್ಲಿ ಅವರು ಎದ್ದು ನಿಂತಾಗ ಕೆಳಗಿದ್ದವರೆಲ್ಲ ತಿರುಗಿ ಚಪ್ಪಾಳೆ ತಟ್ಟಿದರು. ಎಲ್ಲ ಸೇರಿ ಹತ್ತು ನಿಮಿಷವೂ ಆಗಿರಲಾರದು.

ರಾಜ್ಯದ ಮುದ್ರೆಯಿದ್ದ ಅಧಿಕೃತ ಪ್ರತಿ ಕೆಲವು ವಾರಗಳ ಬಳಿಕ ಶಾಲೆಗೆ ಬಂತು. ಅಲ್ಲೇ ಮೇಜಿನ ಮೇಲೆ ಅದನ್ನು ಬಿಡಿಸಿಟ್ಟು, ದೊಡ್ಡ ಅಕ್ಷರಗಳಲ್ಲಿದ್ದ ತಮ್ಮ ಹೆಸರನ್ನು ದಾಟಿ, ಅರ್ಧವಿರಾಮದಿಂದ ಅರ್ಧವಿರಾಮಕ್ಕೆ ಬೆರಳು ಸರಿಸುತ್ತಾ ಹೋದ ಅವರು ‘ಮುಂದುವರಿಸಿದರು’ ಎಂಬಲ್ಲಿ ನಿಂತು, ಹೆಸರಿನ ಕಾಗುಣಿತವನ್ನು ಒಂದೊಂದೇ ಅಕ್ಷರವಾಗಿ ನೋಡಿದರು. ಸರಿಯಾಗಿತ್ತು.