ಹಂಪಿಯ ಬಂಡೆಗಳನ್ನು ಯಾರು ಜೋಡಿಸಿಟ್ಟರು?

ನಾನು ಹೊಸಪೇಟೆ ಕಡೆಯ ಶಾಲೆಯೊಂದರಲ್ಲಿ ವಿಜ್ಞಾನದ ಮೇಷ್ಟ್ರು. ಹಂಪಿ ಹತ್ತಿರ ಇರುವುದರಿಂದ ಶಾಲೆಯ ಮಕ್ಕಳು, ಬೆಂಗಳೂರಿನ ನೆಂಟರು, ಆ ನೆಂಟರ ನೆಂಟರು, ಹೀಗೆ ವರ್ಷಕ್ಕೆ ಹತ್ತು ಸಲವಾದರೂ ಯಾರನ್ನಾದರೂ ಕರೆದುಕೊಂಡು ಹೋಗುವ ಕೆಲಸ ನನ್ನ ಪಾಲಿಗೆ ಬರುತ್ತದೆ. ಮಾತಂಗ ಬೆಟ್ಟ ಹತ್ತಿ, ನೀರು ಕುಡಿದು, ಸುತ್ತ ಕಣ್ಣು ಹಾಯಿಸಿದ ಮೇಲೆ ಎಲ್ಲರ ಬಾಯಲ್ಲೂ ಬರುವುದು ಒಂದೇ ಪ್ರಶ್ನೆ. "ಸರ್, ಇಷ್ಟೊಂದು ಗುಂಡುಗಳನ್ನ ಯಾರು ತಂದು ಜೋಡಿಸಿಟ್ರು?"

ಗೈಡುಗಳ ಹತ್ತಿರ ಉತ್ತರ ರೆಡಿ ಇದೆ. ಇದು ಕಿಷ್ಕಿಂಧೆ, ವಾಲಿ ಸುಗ್ರೀವರು ಹೊಡೆದಾಡುವಾಗ ಎಸೆದ ಬಂಡೆಗಳಿವು. ಕೇಳಲು ಚೆನ್ನಾಗಿದೆ. ನಾನೂ ಮೊದಮೊದಲು "ಭೂಕಂಪ ಆಗಿ ಬೆಟ್ಟ ಒಡೆದಿದೆ" ಅಂತ ಹೇಳಿ ದಾಟಿಸಿಬಿಡುತ್ತಿದ್ದೆ. ಅದಕ್ಕಿಂತ ವಾಲಿ ಸುಗ್ರೀವರ ಕಥೆಯೇ ವಾಸಿ, ಅದು ಕಥೆ ಅಂತಲಾದರೂ ಗೊತ್ತಾಗುತ್ತದೆ. ಎರಡರಲ್ಲೂ ತಪ್ಪು ಒಂದೇ: ಬಂಡೆಗಳು ಎಲ್ಲಿಂದಲೋ ಬಂದು ಬಿದ್ದಿವೆ ಅಂದುಕೊಳ್ಳುವುದು. ಬೆಟ್ಟದ ಬುಡಕ್ಕೆ ಉರುಳಿದ ಕೆಲವನ್ನು ಬಿಟ್ಟರೆ, ಅವು ಎಲ್ಲಿಂದಲೂ ಬಂದಿಲ್ಲ. ಸುತ್ತ ಇದ್ದದ್ದು ಹೋಗಿದೆ, ಇವು ಉಳಿದಿವೆ.

ಇದು ನನ್ನ ತಲೆಗೆ ಹೊಕ್ಕಿದ್ದು ಮನೆಗೆ ಪಾಯ ತೆಗೆಸುವಾಗ. ಮೇಲೆ ಎರಡಡಿ ಕೆಂಪು ಮಣ್ಣು. ಅದರ ಕೆಳಗೆ ಗರಸು. ಮುಷ್ಟಿಯಲ್ಲಿ ಹಿಸುಕಿದರೆ ಪುಡಿಯಾಗುತ್ತದೆ, ಆದರೆ ಗ್ರಾನೈಟಿನ ಬಿಳಿ, ಗುಲಾಬಿ ಚುಕ್ಕೆಗಳು ಅದರಲ್ಲಿ ಹಾಗೇ ಕಾಣುತ್ತವೆ. ಆ ಗರಸಿನ ನಡುವೆ ಜೆಸಿಬಿಯ ಹಲ್ಲಿಗೆ ಠಣ್ ಅಂತ ಏನೋ ತಗುಲಿತು. ಬಿಡಿಸಿ ನೋಡಿದರೆ ಆಳೆತ್ತರದ ಗುಂಡು. ಮೈಮೇಲೆ ಈರುಳ್ಳಿ ಸಿಪ್ಪೆಯ ಹಾಗೆ ಪದರ ಪದರ, ಒಳಗೆ ಗಟ್ಟಿ ಕಲ್ಲು. ಅದನ್ನು ಒಡೆಯಲು ಬೇರೆ ದುಡ್ಡು ಕೊಡಬೇಕಾಯಿತು, ಅದು ಬಿಡಿ. ನೆಲದೊಳಗೆ ಹಂಪಿಯ ಬಂಡೆಯೊಂದು ತಯಾರಾಗುತ್ತಿರುವುದನ್ನು ನಾನು ನೋಡಿದ್ದೆ.

ಸುಮಾರು 250 ಕೋಟಿ ವರ್ಷಗಳ ಹಿಂದೆ ಇಲ್ಲಿ ನೆಲದಡಿ, ಕಿಲೋಮೀಟರುಗಟ್ಟಲೆ ಆಳದಲ್ಲಿ, ಕರಗಿದ ಕಲ್ಲು ನಿಧಾನವಾಗಿ ಆರಿ ಗ್ರಾನೈಟ್ ಆಯಿತು. ಈ ಪಟ್ಟಿ ಹಂಪಿಯಿಂದ ಪಾವಗಡದ ಮೇಲೆ ಹಾದು ರಾಮನಗರದಾಚೆಗೂ ಹೋಗುತ್ತದೆ. ಬ್ರಿಟಿಷರ ಕಾಲದಲ್ಲಿ ರಾಮನಗರಕ್ಕೆ ಕ್ಲೋಸ್‌ಪೇಟೆ ಅನ್ನುತ್ತಿದ್ದರು, ಹಾಗಾಗಿ ಭೂವಿಜ್ಞಾನಿಗಳು ಇದನ್ನು ಈಗಲೂ ಕ್ಲೋಸ್‌ಪೇಟ್ ಗ್ರಾನೈಟ್ ಎಂದೇ ಕರೆಯುತ್ತಾರೆ. ಮೇಲಿದ್ದ ನೆಲ ಸವೆಯುತ್ತಾ ಹೋದ ಹಾಗೆ ಈ ಕಲ್ಲಿನ ಮೇಲಿನ ಭಾರ ಇಳಿಯಿತು. ಭಾರ ಇಳಿದಾಗ ಕಲ್ಲು ಸ್ವಲ್ಪ ಹಿಗ್ಗಿತು, ಬಿರುಕು ಬಿಟ್ಟಿತು. ತಟ್ಟೆಯಲ್ಲಿ ಹರಡಿದ ಮೈಸೂರುಪಾಕಿಗೆ ಚಾಕುವಿನಲ್ಲಿ ಗೆರೆ ಎಳೆದ ಹಾಗೆ, ಉದ್ದಕ್ಕೆ, ಅಡ್ಡಕ್ಕೆ.

ಆ ಬಿರುಕುಗಳಲ್ಲಿ ನೀರು ಇಳಿಯಿತು. ಮಳೆ ನೀರು ಗಾಳಿಯಿಂದಲೂ ಮಣ್ಣಿನಿಂದಲೂ ಕಾರ್ಬನ್ ಡೈಆಕ್ಸೈಡ್ ಹೀರಿಕೊಂಡು ಸ್ವಲ್ಪ ಹುಳಿಯಾಗಿರುತ್ತದೆ. ನಾಲಿಗೆಗೆ ಗೊತ್ತಾಗುವಷ್ಟಲ್ಲ. ಗ್ರಾನೈಟಿನಲ್ಲಿರುವ ಗಾಜಿನಂಥ ಕಣ ಸ್ಫಟಿಕ, ಅದು ಈ ಹುಳಿಗೆ ಜಗ್ಗುವುದಿಲ್ಲ. ಬಿಳಿ, ಗುಲಾಬಿ ಚುಕ್ಕೆಗಳು ಫೆಲ್ಡ್‌ಸ್ಪಾರ್. ಅದು ಜಗ್ಗುತ್ತದೆ, ಮೆಲ್ಲಗೆ ಜೇಡಿಯಾಗುತ್ತದೆ. ಕಣಗಳನ್ನು ಹಿಡಿದಿಟ್ಟ ಹಿಡಿತ ಸಡಿಲವಾಗುತ್ತದೆ. ಅದೇ ಗರಸು.

ಚೌಕವಾದ ತುಂಡು ದುಂಡಗಾಗುವುದು ಹೇಗೆ? ಇದಕ್ಕೆ ನಾನು ಮಕ್ಕಳಿಗೆ ಒಂದೊಂದು ತುಂಡು ಕಲ್ಲುಸಕ್ಕರೆ ಕೊಡುತ್ತೇನೆ. ಕಡಿಯಬಾರದು, ಎರಡು ನಿಮಿಷ ಚೀಪಿ ಹೊರಗೆ ತೆಗೆದು ನೋಡಬೇಕು. ಮೂಲೆಗಳು ಮೊದಲು ಮಾಯ. ಮೂಲೆಗೆ ಮೂರು ಕಡೆಯಿಂದ ನೀರು ತಗುಲುತ್ತದೆ, ಅಂಚಿಗೆ ಎರಡು ಕಡೆಯಿಂದ, ಮುಖಕ್ಕೆ ಒಂದೇ ಕಡೆಯಿಂದ, ಅಲ್ವಾ? ಬಂಡೆಗೂ ಅಷ್ಟೇ. (ಅರ್ಧದಷ್ಟು ಮಕ್ಕಳು ಕಡಿದುಬಿಡುತ್ತಾರೆ. ಜಾಸ್ತಿ ತಂದಿಟ್ಟುಕೊಳ್ಳಬೇಕು.)

ಹೀಗೆ ನೆಲದೊಳಗೇ ಗುಂಡುಗಳು ತಯಾರಾದವು, ಒಂದರ ಮೇಲೊಂದು, ಮೊದಲು ಇದ್ದ ಜಾಗದಲ್ಲೇ. ಆಮೇಲೆ ಮಳೆ ನೀರು ನಡುವಿನ ಗರಸನ್ನು ತೊಳೆದುಕೊಂಡು ಹೋಯಿತು. ಮೇಲಿನ ಗುಂಡು ಕೆಳಗಿನದರ ಮೇಲೆ ಹಾಗೇ ಕೂತುಬಿಟ್ಟಿತು. ನೋಡಿದವರಿಗೆ ಯಾರೋ ಎತ್ತಿಟ್ಟ ಹಾಗೆ ಕಾಣುತ್ತದೆ. ನಮ್ಮ ಹಿರಿಯರು ನೆಲಕ್ಕೆ ಅಂಟಿದ ಬಂಡೆಗೆ ಹುಟ್ಟುಬಂಡೆ ಅನ್ನುತ್ತಾರಲ್ಲ, ಆ ಗುಂಡುಗಳೆಲ್ಲ ಒಂದು ಕಾಲಕ್ಕೆ ಒಂದೇ ಹುಟ್ಟುಬಂಡೆ.

"ಮತ್ತೆ ಮಲೆನಾಡಲ್ಲಿ ಯಾಕೆ ಹೀಗಿಲ್ಲ?" ಅಂತ ಶಿವಮೊಗ್ಗದ ಹುಡುಗಿಯೊಬ್ಬಳು ಒಮ್ಮೆ ಕೇಳಿದಳು. ಒಳ್ಳೇ ಪ್ರಶ್ನೆ. ಅಲ್ಲಿ ಕಲ್ಲಿನ ಜಾತಿಯೂ ಬೇರೆ, ಮಳೆಯೂ ಜಾಸ್ತಿ. ಕಲ್ಲು ಆಳದವರೆಗೆ ಮಣ್ಣಾಗುತ್ತದೆ, ಕಾಡಿನ ಬೇರು ಆ ಮಣ್ಣನ್ನು ಹಿಡಿದಿಡುತ್ತದೆ. ಇಳಿಜಾರನ್ನು ಕಡಿದು ರಸ್ತೆ ಮಾಡಿದ ಕಡೆ, ಜೋರು ಮಳೆಗೆ ಆ ಮಣ್ಣು ನೀರು ಕುಡಿದು ಒಮ್ಮೆಲೇ ಜಾರುತ್ತದೆ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ, 2024ರ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡಗಳು ಕುಸಿದದ್ದನ್ನು ಎಲ್ಲರೂ ಟಿವಿಯಲ್ಲಿ ನೋಡಿದ್ದೇವೆ. ನೆಲ ಯಾವಾಗಲೂ ನಿಧಾನವಾಗಿಯೇ ಬದಲಾಗುತ್ತದೆ ಅಂದುಕೊಂಡರೆ ಮೋಸ ಹೋಗುತ್ತೇವೆ.

ಹಂಪಿಯಲ್ಲಿ ಮಾತ್ರ ನಿಧಾನವೇ. ಎಷ್ಟು ನಿಧಾನ ಅಂತ ತೋರಿಸಲು ಬಂಡೆಗಳ ಮೇಲೆ ಸಾಲಾಗಿರುವ ಚೌಕದ ಗುಳಿಗಳ ಹತ್ತಿರ ಮಕ್ಕಳನ್ನು ಕರೆದುಕೊಂಡು ಹೋಗುತ್ತೇನೆ. ವಿಜಯನಗರದ ಕಲ್ಲುಕುಟಿಗರು ಬೆಣೆ ಹೊಡೆದು ಕಲ್ಲು ಸೀಳಲು ಮಾಡಿದ ಗುಳಿಗಳವು. ಸುಮಾರು 500 ವರ್ಷ ಮಳೆ ಬಿಸಿಲು ಕಂಡಿವೆ. ಬೆರಳಿಟ್ಟರೆ ಅಂಚು ಇನ್ನೂ ಕೈಗೆ ತಗುಲುತ್ತದೆ. ಈಗ ಲೆಕ್ಕ: 250 ಕೋಟಿಯಲ್ಲಿ ಎಷ್ಟು 500 ಇವೆ? 50 ಲಕ್ಷ. ಇದನ್ನು ಬಂಡೆಯ ನೆರಳಲ್ಲಿ ಕೂತು ಮಾಡಿಸಿದರೆ ಏಳನೇ ಕ್ಲಾಸಿನವರೂ ಒಂದು ಕ್ಷಣ ಸುಮ್ಮನಾಗುತ್ತಾರೆ. ಬೋರ್ಡಿನ ಮೇಲೆ ಮಾಡಿಸಿದರೆ ಆಗುವುದಿಲ್ಲ.

ಹಾಗಾದರೆ ಹೋದದ್ದೆಲ್ಲ ಎಲ್ಲಿಗೆ ಹೋಯಿತು? ತುಂಗಭದ್ರೆಯ ಪಾಲಾಗಿ, ಕೃಷ್ಣೆ ಸೇರಿ, ಬಂಗಾಳಕೊಲ್ಲಿಗೆ. ಸ್ಫಟಿಕ ಮರಳಾಗಿ, ಫೆಲ್ಡ್‌ಸ್ಪಾರ್ ಜೇಡಿಯಾಗಿ. ನದಿ ಎಷ್ಟು ಹೊರುತ್ತದೆ ಅನ್ನುವುದಕ್ಕೆ ನಮ್ಮಲ್ಲೊಂದು ಅಳತೆಯೂ ಇದೆ. ಹಂಪಿಗಿಂತ ಸ್ವಲ್ಪ ಮೇಲೆ ತುಂಗಭದ್ರಾ ಡ್ಯಾಂ. ಶುರುವಿನಲ್ಲಿ, ಅಂದರೆ 1953ರ ಸುಮಾರಿಗೆ, ಅದರಲ್ಲಿ 133 ಟಿಎಂಸಿ ನೀರು ಹಿಡಿಯುತ್ತಿತ್ತು. ಈಗಿನ ಲೆಕ್ಕ 105.78. ಉಳಿದ ಸುಮಾರು 27 ಟಿಎಂಸಿ ಜಾಗದಲ್ಲಿ ಹೂಳು. ಒಂದು ಟಿಎಂಸಿ ಅಂದರೆ 100 ಕೋಟಿ ಘನ ಅಡಿ. ಟ್ರ್ಯಾಕ್ಟರಿಗೆ ಒಂದು ಬ್ರಾಸ್, ಅಂದರೆ 100 ಘನ ಅಡಿ ಹಿಡಿದರೂ 27 ಕೋಟಿ ಲೋಡು. ಒಬ್ಬ ಮನುಷ್ಯನ ಆಯುಸ್ಸಿನೊಳಗೆ! ಇದೆಲ್ಲ ಬೆಟ್ಟ ಸವೆದದ್ದೇ ಅಂತ ಹೇಳಿದರೆ ಮಾತ್ರ ಸುಳ್ಳಾಗುತ್ತದೆ. ಕಾಡು ಕಡಿದ, ಗಣಿ ಅಗೆದ, ಇಳಿಜಾರಿನಲ್ಲಿ ಉತ್ತ ನೆಲದ ಮೇಲ್ಮಣ್ಣೂ ಅದರಲ್ಲಿದೆ.

ಇಲ್ಲಿಗೆ ಬಂದಾಗ ಯಾವುದಾದರೂ ಚುರುಕು ಹುಡುಗ ಕೇಳಿಯೇ ಕೇಳುತ್ತಾನೆ. "ಎಲ್ಲಾ ಸವೆದು ಸಮುದ್ರಕ್ಕೆ ಹೋಗ್ತಿದ್ರೆ ಭೂಮಿ ಇಷ್ಟೊತ್ತಿಗೆ ಚಪ್ಪಟೆ ಆಗ್ಬೇಕಿತ್ತಲ್ವಾ ಸರ್?" ಆಗಬೇಕಿತ್ತು. ಸವೆಸುವ ಕೈ ಒಂದು ಕಡೆ, ಎತ್ತುವ ಕೈ ಇನ್ನೊಂದು ಕಡೆ. ನಾವು ನಿಂತಿರುವ ನೆಲವೇ ಉತ್ತರಕ್ಕೆ ಸರಿಯುತ್ತಾ ಸುಮಾರು 5 ಕೋಟಿ ವರ್ಷಗಳ ಹಿಂದೆ ಏಷ್ಯಾಕ್ಕೆ ಗುದ್ದಿತು. ನಡುವಿನ ಸಮುದ್ರದ ತಳ ಮಡಿಚಿ ಹಿಮಾಲಯವಾಗಿ ಎದ್ದಿತು. ಇನ್ನೂ ತಳ್ಳುತ್ತಲೇ ಇದೆ. ಸಮುದ್ರದ ತಳ ಅನ್ನುವುದಕ್ಕೆ ಸಾಕ್ಷಿ ನಮ್ಮಜ್ಜಿಯ ದೇವರ ಪೆಟ್ಟಿಗೆಯಲ್ಲಿತ್ತು. ನೇಪಾಳದ ಗಂಡಕಿ ನದಿಯಿಂದ ಬಂದ ಸಾಲಿಗ್ರಾಮ. ಅದರೊಳಗಿನ ಚಕ್ರ ಸಮುದ್ರದಲ್ಲಿ ಬದುಕಿದ್ದ ಅಮ್ಮೋನೈಟ್ ಎಂಬ ಜೀವಿಯ ಚಿಪ್ಪಿನ ಗುರುತು. ಅಜ್ಜಿಗೆ ಇದನ್ನು ಹೇಳಿದಾಗ, "ಸಮುದ್ರದಲ್ಲಿದ್ದ ಅಂದ್ರೆ ಮತ್ಸ್ಯಾವತಾರ ಇರ್ಬೇಕು ಬಿಡು" ಅಂದು ಅದಕ್ಕೆ ಹಾಲೆರೆದಳು.

ಹೋದ ತಿಂಗಳು ಮಕ್ಕಳು ದೊಡ್ಡ ಗುಂಡೊಂದರ ಕೆಳಗೆ ಬುತ್ತಿ ಬಿಚ್ಚಿದ್ದರು. ಒಬ್ಬಳು ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಮೇಲೆ ನೋಡಿದಳು. "ಇದರ ಕೆಳಗಿನ ಗರಸೂ ಹೋಗ್ತಿದೆಯಾ ಸರ್?" ಹೌದು ಅಂದೆ. ಅವಳು ತಟ್ಟೆ ಎತ್ತಿಕೊಂಡು ಬೇವಿನ ಮರದ ಕೆಳಗೆ ಹೋಗಿ ಕೂತಳು. ಐದು ನಿಮಿಷದಲ್ಲಿ ಅರ್ಧ ಕ್ಲಾಸೇ ಅಲ್ಲಿತ್ತು.