ಮಿನಿಟ್ಸ್ ಪುಸ್ತಕದಲ್ಲಿ ಏನು ಬರೆಯಬಾರದು

ಬೆಳಿಗ್ಗೆ ಹೊತ್ತು ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗಿನಲ್ಲಿ, ಅಂದರೆ ಕಾಫಿ ಬೀಜ ಹದ ಮಾಡೋ ಕಾರ್ಖಾನೆಯಲ್ಲಿ, ಲೆಕ್ಕ ಬರೆಯುತ್ತೇನೆ. ಮೂರು ಗಂಟೆಯ ಮೇಲೆ ಊರಾಚೆಯ ಒಂದು ಪುಟ್ಟ ಪ್ರೆಸ್ಬಿಟೇರಿಯನ್ ಸಭೆಯ ಆಫೀಸಿನಲ್ಲಿ ಕೂರುತ್ತೇನೆ. ಸಭೆ ಅಂದರೆ ನಮ್ಮಲ್ಲಿ ಮೀಟಿಂಗ್ ಅಲ್ಲ, ಚರ್ಚಿಗೆ ಸೇರಿದ ಜನ. ಅರವತ್ತು ಚಿಲ್ಲರೆ ಮನೆ, ಅರ್ಧಕ್ಕರ್ಧ ಎಸ್ಟೇಟ್ ಲೈನಿನವರು, ಅಂದರೆ ತೋಟದ ಕೆಲಸಗಾರರ ಸಾಲುಮನೆಯವರು. ಕಾಣಿಕೆ ಲೆಕ್ಕ, ಸದಸ್ಯರ ರಿಜಿಸ್ಟರ್, ಮಿನಿಟ್ಸ್ ಪುಸ್ತಕ ನನ್ನ ಕೆಲಸ. ಲೆಕ್ಕ ಮೊದಲಿಂದ ಬರುತ್ತಿತ್ತು. ಮಿನಿಟ್ಸ್ ಬರೆಯೋದನ್ನು ಮಾತ್ರ ಎಡವಿ ಬಿದ್ದು ಕಲಿತೆ.

ನಾನು ಬೆಳೆದಿದ್ದು ಹಾಸನದಲ್ಲಿ, ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯಲ್ಲಿ. ಅಲ್ಲಿ ಬಿಷಪ್ ಇರುತ್ತಾರೆ, ಪಾಸ್ಟರ್‌ಗಳ ವರ್ಗಾವಣೆ ಮೇಲಿನಿಂದ ಬರುತ್ತದೆ. ಇಲ್ಲಿ ಬಿಷಪ್ಪೇ ಇಲ್ಲ. ಸೇರಿದ ಹೊಸತರಲ್ಲಿ "ಹಾಗಾದ್ರೆ ಇಲ್ಲಿ ಯಜಮಾನರು ಯಾರು ಸರ್?" ಅಂತ ಪಾಸ್ಟರನ್ನೇ ಕೇಳಿಬಿಟ್ಟಿದ್ದೆ. ಅವರು ನಕ್ಕು, "ಯೇಸುಸ್ವಾಮಿ. ಆಮೇಲೆ ಅವರೆಲ್ಲ" ಅಂತ ಹಿರಿಯರು ಕೂತಿದ್ದ ಬೆಂಚು ತೋರಿಸಿದರು.

ಪ್ರೆಸ್ಬಿಟೇರಿಯನ್ ಅನ್ನೋ ಹೆಸರಿನಲ್ಲೇ ಅದಿದೆ. ಗ್ರೀಕಿನಲ್ಲಿ ಪ್ರೆಸ್ಬುಟೆರೊಸ್ ಅಂದರೆ ಹಿರಿಯ. ಜಿನೀವಾದಲ್ಲಿ ಕ್ರೈಸ್ತ ಸುಧಾರಕ ಕ್ಯಾಲ್ವಿನ್ ರೂಪಿಸಿದ ಪದ್ಧತಿ, 1560ರ ನಂತರ ಜಾನ್ ನಾಕ್ಸ್ ಮತ್ತು ಅವರ ಜೊತೆಯವರಿಂದ ಸ್ಕಾಟ್ಲೆಂಡಿನಲ್ಲಿ ಬೇರು ಬಿಟ್ಟಿತು. ನಮ್ಮ ದೇಶದಲ್ಲಿ ಪ್ರೆಸ್ಬಿಟೇರಿಯನ್ನರು ಜಾಸ್ತಿ ಇರೋದು ಮಿಜೋರಾಂ, ಮೇಘಾಲಯದ ಕಡೆ. 1841ರಲ್ಲಿ ವೇಲ್ಸ್‌ನಿಂದ ಮಿಷನರಿ ಥಾಮಸ್ ಜೋನ್ಸ್ ಚಿರಾಪುಂಜಿಗೆ ಬಂದ ಮೇಲೆ ಬೆಳೆದದ್ದು ಅದು. ದಕ್ಷಿಣದ ಪ್ರೆಸ್ಬಿಟೇರಿಯನ್ನರಲ್ಲಿ ಬಹುಪಾಲು ಜನ 1908ರಲ್ಲಿ ಕಾಂಗ್ರಿಗೇಷನಲ್ ಅನ್ನೋ ಇನ್ನೊಂದು ಪಂಗಡದವರ ಜೊತೆ ಒಂದಾದರು, 1947ರಲ್ಲಿ ಸಿ.ಎಸ್.ಐ. ಒಳಗೆ ಸೇರಿಹೋದರು. ಅಂದ್ರೆ ನನ್ನ ತವರಿನ ಸಭೆಗೂ ಈ ಸಭೆಗೂ ದೂರದ ನೆಂಟಸ್ತಿಕೆ ಇದೆ ಅನ್ನಿ.

ಹಿರಿಯರನ್ನು ಜನರೇ ವೋಟು ಹಾಕಿ ಆರಿಸುತ್ತಾರೆ. ಆಮೇಲೆ ತಲೆ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡಿ ನೇಮಿಸುತ್ತಾರೆ. ನಮ್ಮಲ್ಲಿ ಐದು ಜನ. ಒಬ್ಬರು ರಿಟೈರ್ಡ್ ಮೇಷ್ಟ್ರು, ಒಬ್ಬರು ಬಸ್ ಡಿಪೋ ಮೆಕ್ಯಾನಿಕ್, ಒಬ್ಬರು ಎಸ್ಟೇಟ್ ರೈಟರು, ಅಂದರೆ ತೋಟದಲ್ಲಿ ಆಳುಗಳ ಲೆಕ್ಕ ಬರೆಯೋರು, ಇನ್ನಿಬ್ಬರಿಗೆ ಅಂಗಡಿ ಇದೆ. ಇವರು ಪಾಸ್ಟರ್ ಜೊತೆ ಕೂತರೆ ಅದಕ್ಕೆ ಸೆಷನ್ ಅಂತಾರೆ. ನಡೆಸೋದು ಪಾಸ್ಟರ್, ಆದರೆ ಅವರೊಬ್ಬರೇ ಏನೂ ತೀರ್ಮಾನ ಮಾಡೋ ಹಾಗಿಲ್ಲ. ಹಲವು ಸಭೆಗಳ ಪಾಸ್ಟರ್‌ಗಳು, ಹಿರಿಯರು ಒಟ್ಟಿಗೆ ಕೂರೋದು ಪ್ರೆಸ್ಬಿಟರಿ. ಪಾಸ್ಟರ್ ಮೇಲೆ ದೂರಿದ್ದರೆ ಅಲ್ಲಿಗೆ ಹೋಗುತ್ತದೆ. ಸೆಷನ್ ಮಾಡಿದ್ದು ತಪ್ಪು ಅಂತ ಸದಸ್ಯರಿಗೆ ಅನ್ನಿಸಿದರೂ ಅಲ್ಲಿಗೇ. ವರ್ಷಕ್ಕೊಂದು ಸಲ ನಮ್ಮ ಮಿನಿಟ್ಸ್ ಪುಸ್ತಕವೂ ಅಲ್ಲಿಗೆ ಹೋಗಿ ತಪಾಸಣೆ ಆಗಿ ಬರುತ್ತದೆ.

ನನ್ನ ಮಾನ ಹೋಗಿದ್ದು ಅಲ್ಲೇ.

ಸೆಷನ್ನಿಗೆ ಕ್ಲರ್ಕ್ ಅಂತ ಒಬ್ಬ ಹಿರಿಯರೇ ಇರುತ್ತಾರೆ, ನಮ್ಮಲ್ಲಿ ಮೇಷ್ಟ್ರು. ಅವರಿಗೆ ಕಣ್ಣಿನ ಪೊರೆ. ಹಾಗಾಗಿ ಬರೆಯೋದು ನಾನು, ಸಹಿ ಅವರದು. ಆ ವರ್ಷ ಆಷಾಢದ ಮಳೆಗೆ ಚರ್ಚಿನ ಹಂಚು ಸೋರಿ, ಪ್ರಸಂಗದ ಪೀಠದ ಪಕ್ಕದಲ್ಲೇ ಬಕೆಟ್ ಇಡಬೇಕಾಯಿತು. ಪಾಸ್ಟರ್ ಮಾತು ನಿಲ್ಲಿಸಿದಾಗೆಲ್ಲ ಟಪ್ ಟಪ್ ಅಂತ ಕೇಳುತ್ತಿತ್ತು. ಒಬ್ಬರು ಪ್ಲಾಂಟರು ಪೂರ್ತಿ ಖರ್ಚು ಕೊಡ್ತೀನಿ, ಬಾಗಿಲ ಮೇಲೆ ನನ್ನ ತಂದೆ ಹೆಸರಿನ ಕಲ್ಲು ಹಾಕಿಸಿ ಅಂದರು. ಇದರ ಮೇಲೆ ಸೆಷನ್ ರಾತ್ರಿ ಹತ್ತರವರೆಗೆ ನಡೆಯಿತು. ಒಬ್ಬರು ದೇವರ ಮನೆ ಮೇಲೆ ಮನುಷ್ಯರ ಹೆಸರು ಬೇಡ ಅಂದರು. ಇನ್ನೊಬ್ಬರು ಹೆಸರಿಲ್ಲದ ಹಂಚು ಸೋರೋದು ನಿಲ್ಲುತ್ತಾ ಅಂದರು. ಒಬ್ಬರು ಎದ್ದು ಹೊರಗೆ ಹೋಗಿ, ಮಳೆಗೆ ವಾಪಸ್ ಬಂದರು.

ನಾನು ಕೂತು ಎಲ್ಲ ಬರೆದೆ. ಯಾರು ಏನಂದರು, ಯಾರು ಎದ್ದು ಹೋದರು, ಮೂರು ಪುಟ. ಪುಸ್ತಕ ಪ್ರೆಸ್ಬಿಟರಿಯಿಂದ ವಾಪಸ್ ಬಂದಾಗ ಆ ಮೂರು ಪುಟಕ್ಕೂ ಅಡ್ಡ ಗೆರೆ. ಕೆಳಗೆ ಕೆಂಪಿನಲ್ಲಿ ಒಂದೇ ಪ್ರಶ್ನೆ: ತೀರ್ಮಾನ ಎಲ್ಲಿ?

ನಿಜ, ತೀರ್ಮಾನವನ್ನೇ ಬರೆದಿರಲಿಲ್ಲ. ಅಷ್ಟರಲ್ಲಿ ಹತ್ತು ತಿಂಗಳು ಕಳೆದಿತ್ತು. ಕಲ್ಲು ಬೇಡ ಅಂತ ಆಗಿತ್ತು ಅಂತ ಇಬ್ಬರು, ಒಳಗಡೆ ಚಿಕ್ಕದಾಗಿ ಹಾಕೋಣ ಅಂತ ಆಗಿತ್ತು ಅಂತ ಇಬ್ಬರು. ಹಂಚಿನ ವಿಷಯ ಮತ್ತೆ ಮೊದಲಿಂದ ಶುರುವಾಯಿತು. ಆ ಪ್ಲಾಂಟರು ಬೇಜಾರಾಗಿ ಸುಮ್ಮನಾದರು. ಚರ್ಚಿನ ಸುಗ್ಗಿ ಹಬ್ಬದ ಹರಾಜಿನಲ್ಲಿ ಒಂದೇ ಕುಂಬಳಕಾಯಿಯನ್ನು ಮೂರು ಜನ ಕೊಂಡು ಕೊಂಡು ಮತ್ತೆ ಹರಾಜಿಗೇ ವಾಪಸ್ ಕೊಟ್ಟರು, ಆದರೂ ಅರ್ಧ ಮಾಡಿಗೆ ಆಗುವಷ್ಟೇ ದುಡ್ಡು ಸೇರಿತು.

ಮೆಕ್ಯಾನಿಕ್ ಹಿರಿಯರು ನನ್ನನ್ನು ಬೈಯಲಿಲ್ಲ. "ಡಿಪೋದಲ್ಲಿ ಜಾಬ್ ಕಾರ್ಡ್ ಅಂತ ಇರುತ್ತಲ್ಲಮ್ಮ, ಅದರಲ್ಲಿ ಡ್ರೈವರು ಕಂಡಕ್ಟರು ಕಿತ್ತಾಡಿದ್ದು ಬರೆಯಲ್ಲ. ಯಾವ ಪಾರ್ಟ್ ಬಿಚ್ಚಿದ್ವಿ, ಯಾವುದು ಹಾಕಿದ್ವಿ, ಅಷ್ಟೇ" ಅಂದರು. ಅವತ್ತಿಂದ ಹಾಗೇ ಬರೆಯುತ್ತೇನೆ. ದಿನಾಂಕ, ಬಂದವರು, ಪ್ರಾರ್ಥನೆ, ವಿಷಯ, ಸೂಚಕರು, ಅನುಮೋದಕರು, ತೀರ್ಮಾನ. ಜಗಳವೆಲ್ಲ ಪೆನ್ಸಿಲಿನಲ್ಲಿ ಕಚ್ಚಾ ಪುಸ್ತಕಕ್ಕೆ. ಮುಂದಿನ ಸೆಷನ್ನಿನಲ್ಲಿ ಮಿನಿಟ್ಸ್ ಓದಿ ಒಪ್ಪಿದ ಮೇಲೆ ಆ ಹಾಳೆ ಹರಿದು ಹಾಕುತ್ತೇನೆ. ಮನೆಯಲ್ಲಿ ಅತ್ತೆ ಜೊತೆ ಮಾತಿಗೆ ಮಾತು ಬೆಳೆದಾಗಲೂ ಇದು ಉಪಯೋಗಕ್ಕೆ ಬಂದಿದೆ, ಆ ಕಥೆ ಬೇಡ ಬಿಡಿ.

ಸಭೆಗೆ ಹೊಸಬರನ್ನು ಸೇರಿಸಿಕೊಳ್ಳೋದೂ ಸೆಷನ್ನೇ. ಕೂರಿಸಿಕೊಂಡು ನಂಬಿಕೆಯ ಬಗ್ಗೆ ಕೇಳುತ್ತಾರೆ. ಮೇಷ್ಟ್ರಿಗೆ 1647ರ ವೆಸ್ಟ್‌ಮಿನ್‌ಸ್ಟರ್ ಕಿರು ಪ್ರಶ್ನೋತ್ತರ ಅಂದರೆ ಪ್ರಾಣ. ನಂಬಿಕೆ ಕಲಿಸೋ ಪುಟ್ಟ ಪುಸ್ತಕ ಅದು, ಅದರಲ್ಲಿ 107 ಪ್ರಶ್ನೆ. ಮೊದಲನೆಯದು, ಮನುಷ್ಯ ಇರೋದು ಯಾತಕ್ಕೆ? ದೇವರನ್ನು ಮಹಿಮೆಪಡಿಸೋಕೆ, ಎಂದೆಂದಿಗೂ ಆತನಲ್ಲಿ ಆನಂದಿಸೋಕೆ ಅನ್ನೋದು ಉತ್ತರ.

ಹೋದ ವರ್ಷ ಒಬ್ಬರು ತಾತ ಬಂದಿದ್ದರು. ಲೈನಿನವರು, ಓದು ಬರಹ ಇಲ್ಲ. ಮೇಷ್ಟ್ರು ಮೊದಲ ಪ್ರಶ್ನೆ ಕೇಳಿದರು. ತಾತ ಟವೆಲ್ ಮಡಚುತ್ತಾ ಕೂತರು. ರೈಟರು ಸಮಾಧಾನವಾಗಿ, "ಅದು ಬಿಡಿ ಅಜ್ಜ. ಯೇಸುಸ್ವಾಮಿ ನಿಮಗೆ ಏನು ಮಾಡಿದ್ರು, ಅದು ಹೇಳಿ" ಅಂದರು.

"ನಿಮಗೇ ಗೊತ್ತಲ್ಲ ಅಯ್ಯಾ. ತೋಟಕ್ಕೆ ಬಂದಾಗ ನನ್ನ ತಲೆ ಮೇಲೆ ಅಡ್ವಾನ್ಸ್ ಇತ್ತು. ಎಷ್ಟು ದುಡಿದ್ರೂ ನಿಮ್ಮ ಪುಸ್ತಕದಲ್ಲಿ ಅದು ತೀರ್ತಾನೇ ಇರ್ಲಿಲ್ಲ. ದೇವರ ಹತ್ರಾನೂ ನಂದು ಹಂಗೇ ಇತ್ತು. ಅದನ್ನ ಅವನು ಕಟ್ಟಿಬಿಟ್ಟ. ನಾನು ಕಟ್ಟಿಲ್ಲ."

ರೈಟರು ತಲೆ ತಗ್ಗಿಸಿದರು. ಮೇಷ್ಟ್ರು ಬಿಡಲಿಲ್ಲ. "ಸಾಲ ತೀರಿತು ಅಂದ್ಮೇಲೆ ಇನ್ನು ಒಳ್ಳೇ ಕೆಲಸ ಯಾಕೆ ಮಾಡಬೇಕು?"

"ಮನೆಯವನು ಅಂತ ಕರೆದಿದ್ದಾನಲ್ಲ ಸಾ. ಮನೇಲಿ ಸುಮ್ನೆ ಕೂರಕ್ಕಾಗುತ್ತಾ?"

ಕ್ರಿಸ್ತನ ನಂಬಿಕೆ ಅಂದರೆ ಏನು ಅಂತ ಕ್ಯೂರಿಂಗಿನಲ್ಲಿ ಯಾರಾದರೂ ಕೇಳಿದರೆ ನಾನು ಈಗ ಇದನ್ನೇ ಹೇಳುತ್ತೇನೆ. ಸಂಡೇ ಸ್ಕೂಲಿನಲ್ಲಿ ಕೃಪೆ ಅನ್ನೋ ಮಾತು ಎಷ್ಟೋ ಸಲ ಬಾಯಿಪಾಠ ಒಪ್ಪಿಸಿದ್ದೆ. ಜಮಾ ಖರ್ಚು ಬರೆಯೋ ನನಗೆ ಅದು ಅರ್ಥ ಆಗೋಕೆ ಅಡ್ವಾನ್ಸ್ ಪುಸ್ತಕ ಬೇಕಾಯಿತು.

ಮಿನಿಟ್ಸ್ ಪುಸ್ತಕಕ್ಕೆ ಒಂದೇ ಸಾಲು ಬರೆದೆ: ಪರೀಕ್ಷಿಸಲಾಯಿತು, ಸಭೆಗೆ ಸೇರಿಸಿಕೊಳ್ಳಲು ತೀರ್ಮಾನಿಸಲಾಯಿತು. ಕಚ್ಚಾ ಪುಸ್ತಕದ ಆ ಹಾಳೆ ಮಾತ್ರ ಇನ್ನೂ ಹರಿದಿಲ್ಲ. ತಾತ ಟೀ ಕುಡಿದು ಹೊರಟ ಮೇಲೆ ಮುಂದಿನ ವಿಷಯಕ್ಕೆ ಬಂದರು. ಉಳಿದರ್ಧ ಮಾಡಿನ ಹಂಚು.