ಮೆಗಾವಾಟ್ ಕೂಡಿಸಿದರೆ ಲೈನಿನ ಲೆಕ್ಕ ಸಿಗುವುದಿಲ್ಲ: ವಿಜಯಪುರದ ಬಿಸಿಲು, ಗಾಳಿ ಮತ್ತು ಗ್ರಿಡ್

2030ರ ಹೊತ್ತಿಗೆ ಕಲ್ಲಿದ್ದಲು, ತೈಲ, ಅನಿಲ ಬಿಟ್ಟು ಬೇರೆ ಮೂಲಗಳಿಂದ 500 ಗಿಗಾವಾಟ್ ಸಾಮರ್ಥ್ಯ ಎಂಬ ದೇಶದ ಗುರಿಗಾಗಿ ಕೇಂದ್ರ ವಿದ್ಯುತ್ ಪ್ರಾಧಿಕಾರ 2022ರ ಡಿಸೆಂಬರ್‌ನಲ್ಲಿ ಹೊರತಂದ ಪ್ರಸರಣ ಯೋಜನೆಯಲ್ಲಿ ಕೊಪ್ಪಳ, ಗದಗಗಳ ಜೊತೆ ವಿಜಯಪುರವೂ ಇದೆ. ಎಷ್ಟು ಮೆಗಾವಾಟ್ ಬರುತ್ತದೆ ಎಂದು ಎಲ್ಲರೂ ಕೇಳುತ್ತಾರೆ. ಯಾವ ತಿಂಗಳಲ್ಲಿ, ದಿನದ ಯಾವ ಹೊತ್ತಿನಲ್ಲಿ ಬರುತ್ತದೆ ಎಂದು ಕೇಳುವವರು ಕಡಿಮೆ. ನಮ್ಮ ಭಾಗದಲ್ಲಿ ಲೈನಿನ ಲೆಕ್ಕವೆಲ್ಲ ನಿಂತಿರುವುದು ಇದರ ಮೇಲೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೈರುತ್ಯದ ಗಾಳಿ ಜೋರು. ಅದೇ ಹೊತ್ತಿಗೆ ಕೃಷ್ಣೆ ತುಂಬಿ ಆಲಮಟ್ಟಿಯ 290 ಮೆಗಾವಾಟ್ ಘಟಕವೂ (55 ಮೆಗಾವಾಟಿನ ಐದು, 15ರದು ಒಂದು ಯಂತ್ರ) ಓಡುತ್ತದೆ. ಮಳೆ ಬಿದ್ದರೆ ಪಂಪ್‌ಸೆಟ್‌ಗಳು ಬಂದ್. ಉತ್ಪಾದನೆ ಹೆಚ್ಚು, ಊರ ಬಳಕೆ ಕಡಿಮೆ, ಉಳಿದದ್ದೆಲ್ಲ ಹೊರಗೆ ಹೋಗಬೇಕು. ನವೆಂಬರ್ ಬಂದರೆ ಚಿತ್ರವೇ ಬೇರೆ. ಗಾಳಿ ಇಳಿದಿರುತ್ತದೆ, ಬೆಳಗಾವಿ, ಬಾಗಲಕೋಟೆಯ ಸಕ್ಕರೆ ಕಾರ್ಖಾನೆಗಳು ಕಬ್ಬು ನುರಿಸುತ್ತ, ಸಿಪ್ಪೆ ಉರಿಸಿ ತಯಾರಿಸಿದ ಕರೆಂಟನ್ನು ಗ್ರಿಡ್‌ಗೆ ಕೊಡುತ್ತವೆ. ಹಂಗಾಮು ಮುಗಿಯುವ ಹೊತ್ತಿಗೆ ಬಿಸಿಲು ಏರುತ್ತದೆ, ಸೋಲಾರ್ ಏರುತ್ತದೆ, ಪಂಪ್‌ಸೆಟ್‌ಗಳೂ ಓಡುತ್ತವೆ. ಆ ಸೋಲಾರ್‌ನ ಒಂದು ಪಾಲು ಜಿಲ್ಲೆಯೊಳಗೇ ಖರ್ಚಾಗುತ್ತದೆ.

ಈ ನಾಲ್ಕನ್ನೂ ಕೂಡಿಸಿ ಲೈನು ಹಾಕಿದರೆ ವರ್ಷದ ಬಹುಪಾಲು ಅದು ಅರ್ಧ ಖಾಲಿ. ಸರಾಸರಿ ಹಿಡಿದರೆ ಜುಲೈ ತಿಂಗಳಲ್ಲಿ ಗಾಳಿಯಂತ್ರಗಳನ್ನು ನಿಲ್ಲಿಸಬೇಕಾಗುತ್ತದೆ. ಮಾಡಬೇಕಾದದ್ದು 12 ತಿಂಗಳು, 24 ಗಂಟೆಯ ಕೋಷ್ಟಕ: 288 ಮನೆ. ಪ್ರತಿ ಮನೆಯಲ್ಲಿ ಗಾಳಿ, ಸೋಲಾರ್, ನೀರು, ಸಿಪ್ಪೆಯ ಉತ್ಪಾದನೆ ಬರೆದು ಸ್ಥಳೀಯ ಬಳಕೆ ಕಳೆಯಿರಿ. ಅತಿ ದೊಡ್ಡ ಉಳಿಕೆ ಯಾವ ಮನೆಯಲ್ಲಿದೆಯೋ ಅದಕ್ಕೆ ಲೈನು ಅಳೆಯಬೇಕು.

ನಮ್ಮ ಜಿಲ್ಲೆಯ ಕೂಡಗಿಯ ಎನ್‌ಟಿಪಿಸಿ ಕಲ್ಲಿದ್ದಲು ಸ್ಥಾವರವನ್ನು ಈ ಕೋಷ್ಟಕದಲ್ಲಿ ಬೇರೆಯಾಗಿಯೇ ನೋಡಬೇಕು. 800 ಮೆಗಾವಾಟಿನ ಮೂರು ಘಟಕ, ಒಟ್ಟು 2400. ಕಲ್ಲಿದ್ದಲು ಘಟಕವನ್ನು ಈಗಿನ ನಿಯಮದಂತೆ ಶೇ 55ರವರೆಗೆ ಇಳಿಸಬಹುದು. ಮೂರೂ ಓಡುತ್ತಿದ್ದರೆ 1320ಕ್ಕೆ ಬರುತ್ತದೆ, ಅಲ್ಲಿಂದ ಹೊರಡುವ 400 ಕೆವಿ (ಕಿಲೋವೋಲ್ಟ್) ಲೈನುಗಳಲ್ಲಿ ಸುಮಾರು 1000 ಮೆಗಾವಾಟಿನ ಜಾಗ ಬಿಡುತ್ತದೆ. ಮಧ್ಯಾಹ್ನದ ಸೋಲಾರ್‌ಗೆ ಆ ಜಾಗ ಸಿಗಬಹುದು, ಗಾಳಿಗೆ ಅದನ್ನು ನಂಬುವಂತಿಲ್ಲ. ಮಳೆಗಾಲದ ಗಾಳಿ ಸಂಜೆ, ರಾತ್ರಿಯೂ ಬೀಸುತ್ತದೆ. ಬಿಸಿಲು ಇಳಿದೊಡನೆ ಕೂಡಗಿಯನ್ನೂ ಮೇಲೇರಿಸುತ್ತಾರೆ. ಗಾಳಿಗೆ ಸ್ವಂತ ದಾರಿ ಬೇಕೇ ಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಇನ್ನು ತಂತಿಯ ಶಕ್ತಿ. 1.73ನ್ನು ಕೆವಿಯಿಂದ, ಆಂಪಿಯರ್‌ನಿಂದ ಗುಣಿಸಿ ಸಾವಿರದಿಂದ ಭಾಗಿಸಿದರೆ ಎಂವಿಎ, ಅಂದರೆ ಲೈನು ಹೊರಬಲ್ಲ ಭಾರ, ಹೆಚ್ಚುಕಡಿಮೆ ಮೆಗಾವಾಟಿನಷ್ಟೇ. ಹೆಸ್ಕಾಂ ಸೀಮೆಯಲ್ಲಿ ಹರಡಿರುವ 110 ಕೆವಿ ಲೈನಿನಲ್ಲಿ 400 ಆಂಪಿಯರ್ ಹಿಡಿದರೆ 76 ಎಂವಿಎ. ಎರಡು ಸರ್ಕಿಟ್ ಇದ್ದರೂ 152 ಎಂದು ಬರೆಯಬಾರದು. ಒಂದು ಬಿದ್ದಾಗ ಉಳಿದದ್ದು ಪೂರ್ತಿ ಹೊರಬೇಕು. ಟ್ರಾನ್ಸ್‌ಫಾರ್ಮರ್‌ಗೂ ಇದೇ ನಿಯಮ: 2000 ಮೆಗಾವಾಟ್ ಒಟ್ಟುಗೂಡಿಸುವ 400/220 ಕೆವಿ ಸಬ್‌ಸ್ಟೇಷನ್‌ಗೆ 500 ಎಂವಿಎದ ನಾಲ್ಕು ಸಾಲದು, ಐದು ಬೇಕು.

ಮೇಲಿನ ಆಂಪಿಯರ್ ಕೂಡ ಸ್ಥಿರವಲ್ಲ. ತಂತಿಯ ಮಿತಿ 75 ಡಿಗ್ರಿ ಎಂದುಕೊಳ್ಳಿ. ಹೊರಗೆ 25 ಡಿಗ್ರಿ ಇದ್ದಾಗ 50 ಡಿಗ್ರಿ ಅಂತರವಿದೆ. ಏಪ್ರಿಲ್‌ನ 42 ಡಿಗ್ರಿಯಲ್ಲಿ ಉಳಿಯುವುದು 33. ಹೊರಬಹುದಾದ ಕರೆಂಟು ಸುಮಾರು ಐದನೇ ಒಂದು ಭಾಗ ಇಳಿಯುತ್ತದೆ. ಮೀರಿದರೆ ತಂತಿ ಜೋಲುತ್ತದೆ. ಸೋಲಾರ್ ಹೆಚ್ಚು ಕೊಡುವುದೂ ಆ ಬಿಸಿಲಿನಲ್ಲೇ. ಜುಲೈನಲ್ಲಿ ಇದು ತಿರುಗುಮುರುಗು: ಯಂತ್ರ ತಿರುಗಿಸುವ ಗಾಳಿಯೇ ತಂತಿಯನ್ನೂ ತಂಪು ಮಾಡುತ್ತದೆ. ತಂತಿಯ ಉಷ್ಣತೆ ಅಳೆದು ಮಿತಿಯನ್ನು ಆಗಾಗ ಬದಲಿಸುವ ಸಾಧನ ಹಾಕಿದರೆ ಹಳೆಯ ಲೈನಿನಲ್ಲೇ ಇನ್ನಷ್ಟು ಗಾಳಿ ವಿದ್ಯುತ್ ಕಳಿಸಬಹುದು. ಹೊಸ ಟವರ್‌ಗಿಂತ ಮೊದಲು ಇದನ್ನು ನೋಡಬೇಕು.

ಸೋಲಾರ್‌ಗೆಂದೇ ಹಾಕಿದ ಉದ್ದದ ಲೈನಿಗೆ ರಾತ್ರಿ ಇನ್ನೊಂದು ತೊಂದರೆ. ಭಾರವಿಲ್ಲದ 400 ಕೆವಿ ಲೈನು, ಒಂದು ಫೇಸಿಗೆ ನಾಲ್ಕು ತಂತಿಯದಾದರೆ, ಕಿಲೋಮೀಟರಿಗೆ ಸುಮಾರು 0.7 ಎಂವಿಎಆರ್ (ರಿಯಾಕ್ಟಿವ್ ವಿದ್ಯುತ್ತಿನ ಅಳತೆ; ಇದು ಕೆಲಸಕ್ಕೆ ಬರುವ ವಿದ್ಯುತ್ತಲ್ಲ) ತಾನೇ ಹುಟ್ಟಿಸಿ ವೋಲ್ಟೇಜ್ ಏರಿಸುತ್ತದೆ. ಅದನ್ನು ಹೀರಲು 125 ಎಂವಿಎಆರ್ ರಿಯಾಕ್ಟರ್ ಎಂಬ ಸುರುಳಿ ಸಾಧನ ಮೊದಲ ದಿನದಿಂದಲೇ ಇರಬೇಕು.

ಸೋಲಾರ್ ಘಟಕ ಒಂದರಿಂದ ಒಂದೂವರೆ ವರ್ಷದಲ್ಲಿ ಏಳುತ್ತದೆ, ಲೈನಿಗೆ ಎರಡು ವರ್ಷವಾದರೂ ಬೇಕು. ಲೈನಿನ ಕೆಲಸ ನಮ್ಮ ಎರೆ ಹೊಲದಲ್ಲಿ ಹಂಗಾಮು ನೋಡಿಯೇ ಆಗಬೇಕು. ಮಳೆ ಬಿದ್ದರೆ ಕ್ರೇನ್ ಒಳಗೆ ಹೋಗುವುದಿಲ್ಲ. ಹಿಂಗಾರಿ ಜೋಳ ನಿಂತಿರುವಾಗ ತಂತಿ ಎಳೆದರೆ ಬೆಳೆ ಹಾಳು. ಜೋಳದ ರಾಶಿ ಮುಗಿದ ಮೇಲೆ ಮುಂಗಾರಿನವರೆಗೆ ಮೂರು ತಿಂಗಳು ಸಿಗುತ್ತದೆ. ಎರೆ ಮಣ್ಣು ನೆನೆದಾಗ ಉಬ್ಬಿ ಒಣಗಿದಾಗ ಬಿರಿಯುವುದರಿಂದ ಟವರ್ ಬುನಾದಿಗೂ ಬೇರೆ ವಿನ್ಯಾಸ ಬೇಕು, ಗಟ್ಟಿ ನೆಲದ ನಕ್ಷೆ ನಡೆಯುವುದಿಲ್ಲ. ಸ್ವಲ್ಪ ಕೆಳಗೆ ಕಪ್ಪು ಕಲ್ಲು ಸಿಕ್ಕರೆ ಮತ್ತೊಂದು ವಿನ್ಯಾಸ. ಆದ್ದರಿಂದ ಪ್ರತಿ ಟವರ್ ಜಾಗದಲ್ಲೂ ಮಣ್ಣು ಪರೀಕ್ಷೆ ಆಗಬೇಕು.

400 ಕೆವಿ ಲೈನಿಗೆ 46 ಮೀಟರ್, 220ಕ್ಕೆ 35 ಮೀಟರ್ ಅಗಲದ ಪಟ್ಟಿ ಬೇಕು. ಕೇಂದ್ರದ 2024ರ ಜೂನ್ ಮಾರ್ಗಸೂಚಿಯಂತೆ ಟವರ್ ಬುಡಕ್ಕೆ ಜಮೀನು ಬೆಲೆಯ ಎರಡರಷ್ಟು, ತಂತಿ ಹಾಯುವ ಪಟ್ಟಿಗೆ ಶೇ 30. ತಂತಿಯ ಕೆಳಗೆ ಜೋಳ, ಕಡಲೆ ಬೆಳೆಯಲು ಅಡ್ಡಿಯಿಲ್ಲ. ಕಬ್ಬು ಬೆಳೆದರೆ ರವದಿಗೆ (ಕಬ್ಬಿನ ಒಣ ಎಲೆಗೆ) ಬೆಂಕಿ ಹಚ್ಚಬಾರದು: ಬಿಸಿ ಹೊಗೆ ಮೇಲೇರಿ ತಂತಿಯಿಂದ ನೆಲಕ್ಕೆ ಕಿಡಿ ಹಾಯುತ್ತದೆ, ಲೈನು ಟ್ರಿಪ್ ಆಗುತ್ತದೆ, ಹೊಲದಲ್ಲಿದ್ದವರ ಜೀವಕ್ಕೂ ಅಪಾಯ. ಪರಿಹಾರದ ಚೆಕ್ ಕೊಡುವ ದಿನವೇ ರೈತರಿಗೆ ಇದನ್ನು ಕನ್ನಡದಲ್ಲಿ ಬರೆದುಕೊಡಬೇಕು, ರವದಿಯನ್ನು ಪುಡಿ ಮಾಡಿ ಮಣ್ಣಿಗೆ ಸೇರಿಸುವ ಯಂತ್ರವನ್ನೂ ಆ ಊರುಗಳಿಗೆ ಬಾಡಿಗೆಗೆ ಒದಗಿಸಬೇಕು.